ಟವೆಲ್ ಕೆಳಗೆ ಕಳಕವ್ವನ ಕೈ ಇರಲಿಲ್ಲ

ಬೆಳಿಗ್ಗೆ ಎಂಟೂವರೆಗೆ ಶಿರೋಳದಿಂದ ಬೈಕಿನಲ್ಲಿ ಬಂದ ಅಣ್ಣತಮ್ಮ ಇಬ್ಬರೂ ಬೆಳವಣಕಿಯ ಗೌಸುಸಾಬರ ಅಂಗಳದಲ್ಲಿ ಕೂತಿದ್ದರು. ಗೌಸುಸಾಬರು ಎತ್ತಿನ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನ ಸಂದಿಗೆ ಬೇವಿನ ಎಣ್ಣೆ ಹಚ್ಚುತ್ತಿದ್ದರು. ಬಂದವರ ಮಾತು ಅರ್ಧ ಗಂಟೆಯಿಂದ ನಡೆದಿತ್ತು. ಅಪ್ಪ ಬಿಟ್ಟುಹೋದ ಮನೆ, ಅದರಲ್ಲಿ ಪಾಲು ಕೇಳುತ್ತಿರುವ ತಂಗಿ, ಆಕೆಗೆ ಯಾರೋ ಕಿವಿ ಊದಿದ್ದಾರೆ ಎಂಬ ಗುಮಾನಿ, ವಿಷಯ ಕೋರ್ಟಿಗೆ ಹೋದರೆ ಮನೆತನದ ಮರ್ಯಾದೆ ಏನಾದೀತು ಎಂಬ ಚಿಂತೆ. ಭಾನುವಾರ ಬಂದು ಕೂತು ರಾಜಿ ಮಾಡಿಸಿಕೊಡಬೇಕು ಎಂಬುದು ಅವರ ಬೇಡಿಕೆ. ಗೌಸುಸಾಬರು ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದರು.

“ತಂಗಿ ಬರ್ತಾಳೇನು?”

“ಆಕಿ ಯಾಕ್ರಿ ಸಾಬ್ರ? ನಾವಿಬ್ರೂ ಅದೀವಲ್ಲ. ಆಕಿ ಗಂಡಗ ಹೇಳೇವಿ, ಅಂವ ಬರ್ತಾನ.”

“ಹಂಗಾರ ನಾ ಬರಾಂಗಿಲ್ಲ.”

ಅಣ್ಣ ನಕ್ಕ. ಸಾಬರು ಬಿಗುಮಾನ ಮಾಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು. ಕರೆದೊಯ್ಯಲು ಕಾರು ಕಳಿಸುತ್ತೇವೆ ಎಂದ. ಚೀಲದಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದು ಕಟ್ಟೆಯ ಮೇಲಿಟ್ಟ. ಗೌಸುಸಾಬರು ಎತ್ತಿನ ಕಾಲು ಕೆಳಗಿಳಿಸಿ, ಎಣ್ಣೆಗೈಯನ್ನು ಲುಂಗಿಗೆ ಒರೆಸಿಕೊಂಡು, ಹಣ್ಣನ್ನು ತಿರುಗಿ ಅವನ ಚೀಲಕ್ಕೇ ಹಾಕಿದರು. ಬೈಕು ತಿರುಗಿಸುವಾಗ ತಮ್ಮ, ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿ, ಮುದುಕನ ತಲೆ ಕೆಟ್ಟಿದೆ ಎಂದ. ಕೆಟ್ಟದ್ದು ಮೊದಲು, ಈಗ ನೆಟ್ಟಗಾಗುತ್ತಿದೆ ಎಂದು ಅಡುಗೆಮನೆಯಿಂದಲೇ ಉತ್ತರ ಕೊಟ್ಟವರು ಅವರ ಹೆಂಡತಿ ಬೀಬಿಜಾನ.

ಒಂದು ತಿಂಗಳಲ್ಲಿ ಗೌಸುಸಾಬರು ಹೀಗೆ ವಾಪಸು ಕಳಿಸಿದ ಮೂರನೆಯ ಕರೆ ಇದು. ಒಂದು ವರ್ಷದ ಹಿಂದಾಗಿದ್ದರೆ ಅವರು ಕಾರಿಗೂ ಕಾಯದೆ ಬಸ್ಸು ಹತ್ತುತ್ತಿದ್ದರು.

ಅವರಿಗೆ ಅರವತ್ತಮೂರು ವರ್ಷ. ಕಸುಬು ಎತ್ತಿನ ದಲಾಲಿ. ಗಜೇಂದ್ರಗಡ, ರೋಣ, ನರಗುಂದದ ಕಡೆಯ ದನದ ಸಂತೆಗಳಲ್ಲಿ ನಲವತ್ತು ವರ್ಷ ನಿಂತವರು. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನ ಕೈಯ ಮೇಲೆ ದಲಾಲಿ ತನ್ನ ಟವೆಲ್ ಹೊದಿಸುತ್ತಾನೆ, ಅದರ ಕೆಳಗೆ ಬೆರಳು ಹಿಡಿಯುತ್ತಾನೆ. ಇಷ್ಟು ಬೆರಳೆಂದರೆ ಇಷ್ಟು, ಇಡೀ ಅಂಗೈ ಒತ್ತಿದರೆ ಐದು, ಇನ್ನೊಮ್ಮೆ ಒತ್ತಿದರೆ ಹತ್ತು. ಮೇಲೆ ಬಾಯಲ್ಲಿ ಎತ್ತಿನ ಹಲ್ಲು, ಕೋಡು, ಸುಳಿಯ ಮಾತು ನಡೆದಿರುತ್ತದೆ. ಸುತ್ತ ನಿಂತ ಹತ್ತು ಜನಕ್ಕೆ ಏನೂ ತಿಳಿಯುವುದಿಲ್ಲ. ಅಲ್ಲಿಂದ ದಲಾಲಿ ಕೊಳ್ಳುವವನ ಬಳಿ ಹೋಗಿ ಅವನ ಕೈಯ ಮೇಲೂ ಅದೇ ಟವೆಲ್ ಹೊದಿಸುತ್ತಾನೆ. ಎರಡು ಕೈಗಳೂ ಒಂದೇ ಲೆಕ್ಕಕ್ಕೆ ಬಂದಾಗ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅದಾದ ಮೇಲೆ ಯಾರೂ ಮಾತು ತಿರುಗಿಸುವಂತಿಲ್ಲ. ತಿರುಗಿಸಿದವನ ಎತ್ತನ್ನು ಆ ಸಂತೆಯಲ್ಲಿ ಮತ್ತೆ ಯಾರೂ ಕೇಳುವುದಿಲ್ಲ.

ಗೌಸುಸಾಬರು ಜನರ ಬಾಯಿಗಿಂತ ಹೆಚ್ಚು ನಂಬಿದ್ದು ಅವರ ಕೈಯನ್ನು. ಇವತ್ತೇ ಮಾರಲೇಬೇಕಾದವನ ಅಂಗೈ ಬೆವೆತಿರುತ್ತದೆ, ಹೆಬ್ಬೆರಳು ಒಳಗೆ ಮಡಚಿರುತ್ತದೆ. ಇನ್ನೂ ಒಂದು ಬೆರಳು ಇಳಿಯಬಲ್ಲವನು ಮೊದಲ ಸಲ ತುಸು ತಡೆದು ಒತ್ತುತ್ತಾನೆ. ಮಾರುವ ಮನಸ್ಸೇ ಇಲ್ಲದೆ ಸುಮ್ಮನೆ ನಿಂತವನ ಕೈ ಒಣಗಿದ್ದು, ಸಡಿಲವಾಗಿರುತ್ತದೆ. ಇದನ್ನೆಲ್ಲ ಅವರಿಗೆ ಯಾರೂ ಕಲಿಸಲಿಲ್ಲ.

ಇಪ್ಪತ್ತು ವರ್ಷದ ಹಿಂದೆ, ಕೊಂಡೊಯ್ದ ಮೂರನೆಯ ದಿನವೇ ನೊಗದಲ್ಲಿ ಮಲಗಿಬಿಟ್ಟ ಎತ್ತೊಂದರ ಸಲುವಾಗಿ ಇಬ್ಬರು ಕೊಡಲಿ ಹಿಡಿದು ನಿಂತಿದ್ದರು. ಗೌಸುಸಾಬರು ನಡುವೆ ಹೋಗಿ ಬಗೆಹರಿಸಿದರು. ಅಲ್ಲಿಂದ ಬದುವಿನ ಜಗಳ, ಬಚ್ಚಲ ನೀರಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆಲ್ಲ ಜನ ಅವರನ್ನು ಕರೆಯತೊಡಗಿದರು. ಅವರ ರೀತಿ ಹೀಗಿತ್ತು. ಮೊದಲ ಒಂದು ತಾಸು ಅವರು ಏನೂ ಮಾತಾಡುವುದಿಲ್ಲ, ಸಿಟ್ಟು ಪೂರಾ ಹೊರಗೆ ಬೀಳಲಿ ಎಂದು ಬಿಡುತ್ತಾರೆ. ಜಗಳಾಡಿದವರನ್ನು ಎದುರುಬದುರು ಕೂರಿಸುವುದಿಲ್ಲ, ಇಬ್ಬರ ಮುಖವೂ ಒಂದೇ ಕಡೆಗೆ ಇರುವಂತೆ ಪಕ್ಕಪಕ್ಕ ಕೂರಿಸುತ್ತಾರೆ. ಒಬ್ಬನ ಮಾತನ್ನು ಇನ್ನೊಬ್ಬನಿಗೆ ಮುಟ್ಟಿಸುವಾಗ ಅದರ ಮುಳ್ಳು ತೆಗೆದು ಮುಟ್ಟಿಸುತ್ತಾರೆ. ನಿಜವಾಗಿ ಎಷ್ಟಕ್ಕೆ ಒಪ್ಪುತ್ತೀರಿ ಎಂಬುದನ್ನು ಮಾತ್ರ ಟವೆಲ್ ಕೆಳಗೆ, ಬೆರಳಿನಲ್ಲಿ ಕೇಳುತ್ತಾರೆ. ಊರ ಮುಂದೆ ಬಗ್ಗಲಾರದವನು ಟವೆಲ್ ಕೆಳಗೆ ಬಗ್ಗುತ್ತಾನೆ ಎಂಬುದು ಅವರ ಲೆಕ್ಕವಾಗಿತ್ತು, ಆ ಲೆಕ್ಕ ತಪ್ಪಿದ್ದು ಕಡಿಮೆ.

ಊರೂರಿಗೆ ಟ್ರ್ಯಾಕ್ಟರ್ ಬಂದು ಸಂತೆಯಲ್ಲಿ ಎತ್ತು ಕರಗಿದಷ್ಟೂ ರಾಜಿಯ ಕೆಲಸ ಹೆಚ್ಚಿತು. ಅದಕ್ಕೆ ಅವರು ದುಡ್ಡು ಮುಟ್ಟಲಿಲ್ಲ. ಒಂದು ತೆಂಗಿನಕಾಯಿ, ಒಂದು ಹೊಸ ಟವೆಲ್, ಅಷ್ಟೇ. ಅವರ ಮನೆಯ ಟ್ರಂಕಿನಲ್ಲಿ ಹೊಲಿಗೆ ಬಿಚ್ಚದ ಟವೆಲ್‌ಗಳು ಇನ್ನೂರರ ಮೇಲಿವೆ. ಗೋಡೆಯ ತುಂಬ ಹಾರ ಹಾಕಿಸಿಕೊಂಡ ಫೋಟೊಗಳಿದ್ದವು. ಈಗ ಮೊಳೆಗಳು ಮಾತ್ರ ಇವೆ.

ಫೋಟೊ ಇಳಿಸುವುದಕ್ಕೆ ಕಾರಣವಾದದ್ದು ಚಿಕ್ಕನರಗುಂದದ ಒಂದು ದಾರಿ.

ಅಲ್ಲಿನ ಕಳಕವ್ವನ ತವರು ಗಜೇಂದ್ರಗಡ, ವಯಸ್ಸು ನಲವತ್ತಾರು. ಗಂಡ ತೀರಿಕೊಂಡು ಆರು ವರ್ಷವಾಯಿತು. ಮೂರೂವರೆ ಎಕರೆ ಎರೆಹೊಲವನ್ನು ಆಕೆಯೇ ಮಾಡಿಸುತ್ತಾರೆ. ಆ ಹೊಲಕ್ಕೂ ರಸ್ತೆಗೂ ನಡುವೆ ಪ್ರಭುಲಿಂಗಪ್ಪ ಎಂಬವರ ಇಪ್ಪತ್ತೆರಡು ಎಕರೆ ಬರುತ್ತದೆ. ಅವರ ಬದುವಿನ ಗುಂಟ ಒಂದು ಬಂಡಿದಾರಿ ಇತ್ತು. ಸರ್ಕಾರದ ನಕಾಶೆಯಲ್ಲಿ ಇಲ್ಲ, ಆದರೆ ಕಳಕವ್ವನ ಗಂಡನ ಅಜ್ಜನ ಕಾಲದಿಂದಲೂ ಬಂಡಿಗಳು ಅದರಲ್ಲೇ ಓಡಾಡಿವೆ. ಹೋದ ವರ್ಷ ಮೇ ತಿಂಗಳಲ್ಲಿ ಪ್ರಭುಲಿಂಗಪ್ಪ ಆ ದಾರಿಯನ್ನು ರಂಟೆ ಹೊಡೆಸಿ ಹೊಲಕ್ಕೆ ಸೇರಿಸಿಕೊಂಡರು. ಕಪ್ಪು ಮಣ್ಣಿನಲ್ಲಿ ಹಾಗೆ ಹರಗಿದ ದಾರಿ ಒಂದು ಮಳೆಗೆ ಗುರುತು ಸಿಗದಂತೆ ಹೋಗುತ್ತದೆ. ಕಳಕವ್ವ ಅವರ ಮನೆಗೆ ಎರಡು ಸಲ ಹೋದರು. ಅವರು ಹೊರಗೆ ಬರಲಿಲ್ಲ. ಮೂರನೆಯ ಸಲ ಹೊಲಕ್ಕೇ ಹೋಗಿ ಟ್ರ್ಯಾಕ್ಟರಿನ ಮುಂದೆ ನಿಂತರು. ಮಾತು ಊರಿಗೆ ಹಬ್ಬಿತು. ಹೆಣ್ಣುಮಗಳು ಟ್ರ್ಯಾಕ್ಟರಿಗೆ ಅಡ್ಡ ನಿಲ್ಲುವುದು ಊರಿಗೆ ಶೋಭೆಯಲ್ಲ ಎಂದು ಹಿರಿಯರು ಗೌಸುಸಾಬರನ್ನು ಕರೆಸಿದರು. ದಾರಿ ಹರಗಿದ್ದು ಊರಿಗೆ ಶೋಭೆಯೋ ಅಲ್ಲವೋ ಎಂಬ ಮಾತು ಅಲ್ಲಿ ಬರಲಿಲ್ಲ.

ಕಳಕವ್ವನಿಗೆ ಬೇಕಾಗಿದ್ದದ್ದು ಹತ್ತು ಅಡಿ. ಕಾಳು ಒಕ್ಕುವ ರಾಶಿ ಮಷಿನ್ ಎಳೆದುಕೊಂಡು ಟ್ರ್ಯಾಕ್ಟರ್ ಹೋಗಲು ಅದಕ್ಕಿಂತ ಕಡಿಮೆ ಸಾಲದು.

ಜೂನ್ ಮೊದಲ ವಾರ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ನಲವತ್ತು ಗಂಡಸರು ಕೂತರು. ಕಟ್ಟೆಯ ಮೂಲೆಯೆಲ್ಲ ಗುಟ್ಕಾದ ಕೆಂಪು. ಹೆಂಗಸರು ಆಚೆ ನಳದ ಬಳಿ ನಿಂತಿದ್ದರು, ಕಳಕವ್ವ ಅವರ ಹಿಂದೆ. ಗೌಸುಸಾಬರು ಎಂದಿನಂತೆ ಒಂದು ತಾಸು ಬಾಯಿ ಬಿಚ್ಚಲಿಲ್ಲ. ಆ ಒಂದು ತಾಸಿನಲ್ಲಿ ಮಾತಾಡಿದ್ದು ಪ್ರಭುಲಿಂಗಪ್ಪ ಒಬ್ಬರೇ. ಆಕೆಯ ಮೇಕೆ ತನ್ನ ಹತ್ತಿ ತಿಂದದ್ದು, ಆಕೆಯ ಬಾಡಿಗೆ ಟ್ರ್ಯಾಕ್ಟರ್ ತನ್ನ ಬದು ಮುರಿದದ್ದು, ತಾನು ಎಷ್ಟು ತಡೆದುಕೊಂಡೆ ಎಂಬುದು. ಮಾತು ಮುಗಿದಾಗ ಅವರ ಮುಖ ತಣ್ಣಗಾಗಿತ್ತು. ಗೌಸುಸಾಬರು ಅವರ ಕೈಯ ಮೇಲೆ ಟವೆಲ್ ಹೊದಿಸಿದರು. ನಾಲ್ಕು ಬೆರಳು, ಎಂದರೆ ನಾಲ್ಕು ಅಡಿ. ಕಾಲುದಾರಿಯ ಅಗಲ.

ಇನ್ನು ಕಳಕವ್ವನ ಸರದಿ. ಆದರೆ ಪರಪುರುಷ ಹೆಣ್ಣುಮಗಳ ಕೈ ಹಿಡಿಯುವುದು ಆ ಊರುಗಳಲ್ಲಿ ಯಾರ ಕಲ್ಪನೆಗೂ ಬರುವುದಿಲ್ಲ. ಹೆಂಗಸು ಒಂದು ಕಡೆಯವಳಾದರೆ ಗಂಡನದೋ, ಅಣ್ಣನದೋ, ಮಗನದೋ ಕೈ ಟವೆಲ್ ಕೆಳಗೆ ಹೋಗುತ್ತದೆ. ಇದು ಇಪ್ಪತ್ತು ವರ್ಷದಿಂದ ನಡೆದು ಬಂದದ್ದು. ಕಳಕವ್ವನ ಪರವಾಗಿ ಕೈ ಕೊಟ್ಟವನು ಗಂಡನ ತಮ್ಮ ಸಿದ್ದಾರೂಢ. ಹತ್ತು ಅಡಿಗಿಂತ ಒಂದು ಅಡಿ ಕಡಿಮೆಗೂ ಒಪ್ಪಬೇಡ ಎಂದು ಆಕೆ ಬೆಳಿಗ್ಗೆಯೇ ಅವನಿಗೆ ಹೇಳಿ ಕಳಿಸಿದ್ದರು.

ಸಿದ್ದಾರೂಢ ಅಂಗೈಯನ್ನು ಒಮ್ಮೆ ಒತ್ತಿದ. ಐದು.

ಗೌಸುಸಾಬರು ತಮ್ಮ ರೂಢಿಯಂತೆ ಇನ್ನೊಮ್ಮೆ ಬೆರಳು ಅಲುಗಿಸಿ ಕೇಳಿದರು. ಮತ್ತೆ ಅದೇ ಐದು. ಅವರು ಪ್ರಭುಲಿಂಗಪ್ಪನವರ ಬಳಿಗೆ ಹೋಗಿ ಒಂದು ಬೆರಳು ಹೆಚ್ಚು ಕೇಳಿದರು, ಅವರು ಕೊಟ್ಟರು. ಎಲ್ಲ ಸೇರಿ ಹತ್ತು ನಿಮಿಷ. ಗೌಸುಸಾಬರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಐದು ಅಡಿ ಎಂದು ಸಾರಿದರು. ನಳದ ಕಡೆಯಿಂದ ಒಂದು ದನಿ ಬಂತು.

“ನಾ ಹತ್ತು ಹೇಳಿದ್ದೆ.”

ಕಟ್ಟೆಯ ಮೇಲಿನ ಹಿರಿಯರೊಬ್ಬರು ತಿರುಗಿ ನೋಡಿದರು. “ಟವೆಲ್ ತಗದಾತವಾ.” ಇನ್ನೊಬ್ಬರು ಸೇರಿಸಿದರು, “ದೊಡ್ಡ ಮನಸ್ಸು ಮಾಡಬೇಕವಾ. ದಿನಾ ಮಾರಿ ನೋಡವ್ರು ನಾವು.”

ಆಮೇಲೆ ಸಕ್ಕರೆ ಹಂಚಿದರು. ನೊಣ ಕೂತ ಸ್ಟೀಲ್ ಡಬ್ಬಿಯಿಂದ ಸಿದ್ದಾರೂಢನೇ ಒಂದು ಹಿಡಿ ತಂದು ಅತ್ತಿಗೆಯ ಕೈಗೆ ಹಾಕಿದ. ಆಕೆ ಮುಷ್ಟಿ ಮುಚ್ಚಿಕೊಂಡು ಮನೆಯ ಕಡೆ ನಡೆದರು. ಒಂದು ಹಾಳೆಯ ಮೇಲೆ ರಾಜಿ ಪತ್ರ ಬರೆದರು. ಕಳಕವ್ವನ ಪರವಾಗಿ ಸಿದ್ದಾರೂಢ ಸಹಿ ಮಾಡಿದ, ಕೆಳಗೆ ರಾಜಿ ಮಾಡಿಸಿದವರೆಂದು ಗೌಸುಸಾಬರು. ಅವರಿಗೆ ಹಾರ ಹಾಕಿ ಫೋಟೊ ತೆಗೆದರು. ಸಂಜೆಯೊಳಗೆ ಫೋಟೊ ಮೂರು ತಾಲೂಕಿನ ಮೊಬೈಲ್‌ಗಳಲ್ಲಿ ತಿರುಗಾಡಿತು, ಎರಡು ಮನಸ್ಸು ಒಂದು ಮಾಡಿದವರು ಎಂಬ ಒಕ್ಕಣೆಯೊಂದಿಗೆ. ಫೋಟೊದಲ್ಲಿ ಹದಿನೇಳು ಗಂಡಸರಿದ್ದಾರೆ.

ಅಕ್ಟೋಬರದಲ್ಲಿ ಒಂದು ಮಧ್ಯಾಹ್ನ ಕಳಕವ್ವ ಎರಡು ಬಸ್ಸು ಬದಲಿಸಿ ಬೆಳವಣಕಿಗೆ ಬಂದರು. ಬೀಬಿಜಾನ ಚಹಾ ಕೊಟ್ಟರು. ಕುಡಿದು ಮುಗಿಸುವ ತನಕ ಆಕೆ ಬಂದ ಕೆಲಸ ಹೇಳಲಿಲ್ಲ.

“ಎತ್ತು ಬೇಕಾಗಿದ್ದುವ್ರಿ ಕಾಕಾ. ಕಡ್ಲಿ ಬಿತ್ತಾಕ.”

ಊರಲ್ಲಿ ಟ್ರ್ಯಾಕ್ಟರ್ ಸಿಗಲಿಲ್ಲವೇ ಎಂದು ಗೌಸುಸಾಬರು ಕೇಳಿದರು.

“ಊರ ತುಂಬ ಅದಾವ್ರಿ. ನೀವು ಕೊಡಿಸಿದ ದಾರ್ಯಾಗ ಎತ್ತಷ್ಟ ಹೊಕ್ಕಾವು. ಅದೂ ನೊಗಾ ಬಿಚ್ಚಿ, ಒಂದರ ಹಿಂದ ಒಂದು. ದಾರಿ ನಿಮ್ದು, ಎತ್ತೂ ನಿಮ್ದ ಇರ್ಲಿ. ಕೊಡ್ರಿ.”

ಆಕೆ ಸಿಟ್ಟಿನಿಂದ ಹೇಳಲಿಲ್ಲ ಎಂದು ಬೀಬಿಜಾನ ನೆನೆಯುತ್ತಾರೆ. ಹೊಟ್ಟು ಕೇರಿದಂತೆ ಸರಳವಾಗಿ ಹೇಳಿದರು. ಮುಂಗಾರಿನ ಹೆಸರು ಬೆಳೆಯನ್ನು ಇಬ್ಬರು ಹೆಂಗಸರು ಹನ್ನೊಂದು ದಿನ ತಲೆಯ ಮೇಲೆ ಹೊತ್ತು ರಸ್ತೆಗೆ ತಂದದ್ದು, ಅಷ್ಟರಲ್ಲಿ ಮಳೆ ಹಿಡಿದು ಹೊಲದಲ್ಲಿ ಉಳಿದ ಕಾಯಿಯಲ್ಲೇ ಕಾಳು ಮೊಳೆತದ್ದು. ದಿನಾ ಸಂಜೆ ಸಿದ್ದಾರೂಢ ಬಾಗಿಲಿಗೆ ಬಂದು ನಿಂತು, ಸುಮ್ಮನೆ ಒದ್ದಾಡುವುದು ಯಾಕೆ, ಹೊಲವನ್ನು ತನಗೆ ಲಾವಣಿಗೆ, ಅಂದರೆ ಗೇಣಿಗೆ, ಹಾಕಿಬಿಡು ಎನ್ನುತ್ತಿದ್ದ. ಎರಡು ವರ್ಷದಿಂದ ಅವನು ಕೇಳುತ್ತಿದ್ದಾನೆ, ಆಕೆ ಕೊಟ್ಟಿಲ್ಲ. ಅವನ ಹೊಲ ಆಕೆಯ ಹೊಲಕ್ಕೆ ಮೂಡಣ ದಿಕ್ಕಿಗೆ ಹತ್ತಿಕೊಂಡಿದೆ. ತನ್ನ ಕಡೆಯಿಂದ ಅವನು ಟ್ರ್ಯಾಕ್ಟರ್ ಒಯ್ಯಬಲ್ಲ. ಅತ್ತಿಗೆಗೆ ಆ ಕಡೆಯಿಂದ ದಾರಿ ಬಿಡುವುದಿಲ್ಲ.

ಇಷ್ಟು ಕೇಳಿದ ಮೇಲೆ ಗೌಸುಸಾಬರಿಗೆ ವಿವರಿಸಿ ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಮರುದಿನ ಎತ್ತು ಹೊಡೆದುಕೊಂಡು ತಾವೇ ಹೊರಟರು.

ಐದು ಅಡಿಯ ಎರಡೂ ಬದಿಗೆ ಪ್ರಭುಲಿಂಗಪ್ಪ ಜಾಲಿಮುಳ್ಳಿನ ಬೇಲಿ ಬಡಿಸಿದ್ದರು. ಎತ್ತಿನ ಕೋಡು ಬೇಲಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿತ್ತುವ ಕೂರಿಗೆಯನ್ನು ಬಿಚ್ಚಿ ಹೆಗಲ ಮೇಲೆ ಹೊರಬೇಕಾಯಿತು. ಒಂದು ತುದಿ ಕಳಕವ್ವ, ಇನ್ನೊಂದು ತುದಿ ಗೌಸುಸಾಬರು. ಹೊಲ ಮುಟ್ಟುವಷ್ಟರಲ್ಲಿ ಅವರ ಅಂಗಿಯ ಎರಡೂ ತೋಳು ಹರಿದಿದ್ದವು. ತಿರುಗಿ ಬರುವಾಗ ಪ್ರಭುಲಿಂಗಪ್ಪ ರಸ್ತೆಯ ಅಂಚಿನಲ್ಲಿ ನಗುತ್ತ ನಿಂತಿದ್ದರು.

“ನಿಮ್ಮ ಮಾತಿನಂಗ ಬರೋಬ್ಬರಿ ಐದು ಬಿಟ್ಟೀನಿ ನೋಡ್ರಿ. ಟೇಪ್ ಹಿಡೀರಿ ಬೇಕಾದ್ರ. ಒಂದು ಇಂಚು ಕಡಿಮಿ ಇಲ್ಲ.”

ಚಹಾಕ್ಕೆ ಕರೆದರು. ಗೌಸುಸಾಬರು ಹೋಗಲಿಲ್ಲ. ಬಿತ್ತನೆ ಮುಗಿಯುವ ತನಕ ಎತ್ತನ್ನು ಕಳಕವ್ವನ ಬಳಿಯೇ ಬಿಟ್ಟು, ಬಸ್ಸು ಹಿಡಿದು ಊರಿಗೆ ಬಂದರು.

ಡಿಸೆಂಬರದಲ್ಲಿ ರೋಣದಲ್ಲಿ ಮೂರು ದಿನದ ತರಬೇತಿ ನಡೆಯಿತು. ಊರಿನ ಜಗಳಗಳನ್ನು ಕೋರ್ಟಿನ ಹೊರಗೆ ಬಗೆಹರಿಸುವ ಮಧ್ಯಸ್ಥಗಾರರಿಗಾಗಿ. ಮೂವತ್ತು ಮಂದಿಯನ್ನು ಆರಿಸಿದ್ದರು. ಪಟ್ಟಿಯಲ್ಲಿ ಗೌಸುಸಾಬರ ಹೆಸರು ಮೊದಲನೆಯದು. ಪಾಠ ಮಾಡಿದವರು ಶ್ವೇತಾ ಎಂಬ ಮೂವತ್ತನಾಲ್ಕರ ವಕೀಲರು. ಕೇಳಿಸಿಕೊಳ್ಳುವುದು ಹೇಗೆ, ಸಿಟ್ಟಿನ ಹಿಂದಿರುವ ಭಯವನ್ನು ಗುರುತಿಸುವುದು ಹೇಗೆ, ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿಸುವುದು ಯಾಕೆ. ಇವೆಲ್ಲ ತಮಗೆ ಸಂತೆಯಲ್ಲೇ ಬಂದ ವಿದ್ಯೆ ಎಂದು ಗೌಸುಸಾಬರಿಗೆ ಅನ್ನಿಸುತ್ತಿತ್ತು. ಎರಡನೆಯ ದಿನ ಶ್ವೇತಾ ಅವರನ್ನು ಮುಂದೆ ಕರೆದು ಟವೆಲ್ಲಿನ ರೀತಿ ತೋರಿಸಲು ಹೇಳಿದರು. ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಇತ್ತೀಚಿನ ಒಂದು ಪ್ರಕರಣ ಹೇಳಿ ಎಂದಾಗ ಬೇರೆ ಯಾವುದನ್ನಾದರೂ ಹೇಳಬಹುದಿತ್ತು. ಅವರ ಬಾಯಿಗೆ ಬಂದದ್ದು ಚಿಕ್ಕನರಗುಂದ. ಶ್ವೇತಾ ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದರು.

“ಆಕಿ ಕೈ ಎಲ್ಲಿತ್ರಿ, ಸಾಹೇಬ್ರ?”

ಹೆಣ್ಣುಮಗಳ ಕೈ ಹಿಡಿಯಲು ಬರುವುದಿಲ್ಲ ಎಂದು ಗೌಸುಸಾಬರು ರೂಢಿಯನ್ನು ವಿವರಿಸಿದರು.

“ಹಿಡೀಬ್ಯಾಡ್ರಿ. ಬಾಯಿ ಐತೆಲ್ಲ ಆಕಿಗೆ. ಇನ್ನೊಬ್ಬ ಹೆಣ್ಮಗಳನ್ನ ಜೋಡಿ ಕುಂದರಿಸಿ ಬ್ಯಾರೆ ಕೇಳಬಹುದಿತ್ತು. ಎಷ್ಟೊತ್ತಿನ ಕೆಲಸಾರಿ ಅದು?”

ಹಿಂದಿನ ಸಾಲಿನಲ್ಲಿ ಯಾರೋ, ಹೆಂಗಸರ ಬಾಯಿ ಬಿಚ್ಚಿಸಿದರೆ ಮೇಡಂ, ಮುಚ್ಚಿಸಲು ಇನ್ನೊಂದು ತರಬೇತಿ ಬೇಕಾಗುತ್ತದೆ ಎಂದ. ಸಭೆ ನಕ್ಕಿತು. ಗೌಸುಸಾಬರಿಗೆ ಆ ನಗುವನ್ನು ಅದೇ ಮೊದಲ ಸಲ ಹೊರಗೆ ನಿಂತು ಕೇಳಿದಂತಾಯಿತು. ಅದು ಅವರಿಗೆ ಚೆನ್ನಾಗಿ ಪರಿಚಯವಿದ್ದ ನಗು, ಎಷ್ಟೋ ಕಟ್ಟೆಗಳ ಮೇಲೆ ತಾವೂ ಅದಕ್ಕೆ ದನಿಗೂಡಿಸಿದ್ದರು. ಶ್ವೇತಾ ನಗಲಿಲ್ಲ. ರಾಜಿ ಮಾಡಿಸುವವರು ಯಾವಾಗಲೂ ಬಗ್ಗುವವರ ಮೇಲೇ ಭಾರ ಹಾಕುತ್ತಾರೆ, ಯಾಕೆಂದರೆ ಕೆಲಸ ಲಗೂ ಮುಗಿಯುತ್ತದೆ ಎಂದು ಹೇಳಿ, ಮುಂದಿನ ಪಾಠಕ್ಕೆ ಹೋದರು.

ಗೌಸುಸಾಬರು ಊಟಕ್ಕೆ ನಿಲ್ಲದೆ ಬಸ್ ಸ್ಟ್ಯಾಂಡಿಗೆ ಬಂದು ಕಲ್ಲು ಬೆಂಚಿನ ಮೇಲೆ ಕೂತರು. ಬೆಳವಣಕಿಯ ಎರಡು ಬಸ್ಸು ಬಂದು ಹೋದವು. ಇಪ್ಪತ್ತು ವರ್ಷದ ರಾಜಿಗಳನ್ನು ಊರೂರ ಹೆಸರು ಹಿಡಿದು ನೆನೆದರು. ಇನ್ನೂರಕ್ಕೂ ಮೇಲೆ. ಅದರಲ್ಲಿ ಅರವತ್ತರಷ್ಟರಲ್ಲಿ ಒಂದು ಕಡೆಯವರು ಹೆಣ್ಣುಮಕ್ಕಳು. ಪಾಲು ಕೇಳಿದ ತಂಗಿ, ಬಚ್ಚಲ ಗೋಡೆಗೆ ಜಗಳಾಡಿದ ವಿಧವೆ, ಹೊಡೆಸಿಕೊಂಡು ತವರಿಗೆ ಬಂದು ಕೂತ ಸೊಸೆ. ಆ ಅರವತ್ತರಲ್ಲಿ ಒಬ್ಬರನ್ನೂ ಅವರು ಕೇಳಿರಲಿಲ್ಲ. ದೊಡ್ಡ ಮನಸ್ಸು ಮಾಡು ಎಂದು ಮಾತ್ರ ಎಲ್ಲರಿಗೂ ಹೇಳಿದ್ದರು. ಇಪ್ಪತ್ತು ಎಕರೆಯ ಯಾವ ಗಂಡಸಿಗೂ ಆ ಮಾತು ಹೇಳಿದ ನೆನಪು ಅವರಿಗೆ ಬರಲಿಲ್ಲ. ಆ ಸೊಸೆ ಈಗ ಎಲ್ಲಿದ್ದಾಳೆ ಎಂಬುದೂ ಗೊತ್ತಿರಲಿಲ್ಲ.

ಇದನ್ನು ಅವರು ಪಶ್ಚಾತ್ತಾಪ ಎಂದು ಕರೆಯುವುದಿಲ್ಲ. ಪಶ್ಚಾತ್ತಾಪದಲ್ಲಿ ಸ್ವಲ್ಪ ಸುಖ ಇರುತ್ತದೆ, ಇದರಲ್ಲಿ ಅದೂ ಇಲ್ಲ ಎನ್ನುತ್ತಾರೆ. ಅವರು ಬಳಸುವ ಮಾತು ಹೇಸಿಕೆ. ಮನೆಗೆ ಬಂದು ಗೋಡೆಯ ಮೇಲಿನ ಫೋಟೊಗಳನ್ನು ಒಂದೊಂದಾಗಿ ಇಳಿಸಿದರು. ಹರಿದು ಹಾಕಲಿಲ್ಲ, ಸುಡಲಿಲ್ಲ. ಗೋಣಿಚೀಲಕ್ಕೆ ತುಂಬಿ ಕಾಳು ತುಂಬುವ ಹಗೇವಿನ ಕೋಣೆಯಲ್ಲಿಟ್ಟರು. ಸಿಟ್ಟಿಗೆ ಸುಟ್ಟರೆ ಅದೂ ಒಂದು ತೋರಿಕೆಯಾಗುತ್ತದೆ ಎಂದು ಬೀಬಿಜಾನರಿಗೆ ಹೇಳಿದರಂತೆ.

ಮರುವಾರ ಸಿದ್ದಾರೂಢನನ್ನು ಕಂಡು, ಇನ್ನೊಮ್ಮೆ ಕೂತು ಮಾತಾಡೋಣ ಎಂದರು. ಅವನು ಹಲ್ಲು ಕಡ್ಡಿಯಿಂದ ಹಲ್ಲು ಕೆದಕುತ್ತ ಕೇಳಿದ.

“ಟವೆಲ್ ತಗದ ಮ್ಯಾಲೆ ಮಾತಿಲ್ಲ ಅಂತ ಕಲಿಸಿದವ್ರು ಯಾರ್ರಿ ಕಾಕಾ? ನೀವ ಅಲ್ಲೇನು?”

ಪ್ರಭುಲಿಂಗಪ್ಪನವರ ಮನೆಯಲ್ಲಿ ಕುರ್ಚಿ ಹಾಕಿದರು, ಚೂಡಾ ತಂದಿಟ್ಟರು. ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. ಇದೊಂದು ರಾಜಿ ಬಿಚ್ಚಿದರೆ ಗೌಸುಸಾಬರು ಮಾಡಿಸಿದ ಎಲ್ಲ ರಾಜಿಗಳೂ ಬಿಚ್ಚುತ್ತವೆ, ನಾಳೆ ಪ್ರತಿಯೊಬ್ಬಳೂ ಎದ್ದು ಬಂದು ತನ್ನ ಕೈ ಇರಲಿಲ್ಲ ಎನ್ನುತ್ತಾಳೆ. ಹೊರಗೆ ಚಪ್ಪಲಿ ಮೆಟ್ಟುವಾಗ ಒಳಗಿನ ಮಾತು ಗೌಸುಸಾಬರ ಕಿವಿಗೆ ಬಿತ್ತು. ಇಪ್ಪತ್ತು ವರ್ಷ ‘ನಮ್ಮ ಗೌಸುಸಾಬ್ರು’ ಆಗಿದ್ದವರು ಆ ಮಾತಿನಲ್ಲಿ ಬರೀ ‘ಆ ಸಾಬ’ ಆಗಿದ್ದರು.

ಅಲ್ಲಿಂದ ನೇರ ಕಳಕವ್ವನ ಮನೆಗೆ ಹೋದರು. ಆಕೆ ಜೋಳ ಹಸನು ಮಾಡುತ್ತಿದ್ದರು. ಹೊಸಿಲ ಹೊರಗೇ ಕೂತು, ಬೀಬಿಜಾನ ಒಬ್ಬರಿಗೆ ಬಿಟ್ಟು ಯಾರಿಗೂ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದರು.

“ಸಿದ್ದಾರೂಢನ ಕೈ ಒಣಗಿತ್ತವಾ. ಸಡ್ಲ ಇತ್ತು. ಬೇಕಾದವನ ಕೈ ಹಂಗ ಇರಾಂಗಿಲ್ಲ. ನನಗ ಅಲ್ಲೇ ಗೊತ್ತಾತು. ಗೊತ್ತಾಗೇ ಟವೆಲ್ ತಗದೆ.”

“ಯಾಕ್ರಿ?”

“ಮುಗೀತಿತ್ತಲ್ಲ. ಅದಕ್ಕ.”

ಕಳಕವ್ವ ಮೊರದಲ್ಲಿದ್ದ ಜೋಳವನ್ನು ಒಮ್ಮೆ ಕೇರಿ ಕೆಳಗಿಟ್ಟರು.

“ನನಗ ಹೇಳಿ ಏನ ಆಗೂದೈತ್ರಿ ಕಾಕಾ. ನನ್ನ ಕಡ್ಲಿ ತಲಿಮ್ಯಾಲ ಹೊರೂದು ತಪ್ಪಾಂಗಿಲ್ಲ. ಕಚೇರ್ಯಾಗ ಹೇಳ್ರಿ.”

ಆಕೆ ಆಗಲೇ ನರಗುಂದದ ತಹಸೀಲ್ದಾರ್ ಕಚೇರಿಗೆ ದಾರಿ ಬಿಡಿಸಿಕೊಡಲು ಅರ್ಜಿ ಕೊಟ್ಟಿದ್ದರು. ಪ್ರಭುಲಿಂಗಪ್ಪ ಉತ್ತರವಾಗಿ ಕೊಟ್ಟದ್ದು ಒಂದೇ ಕಾಗದ, ಗೌಸುಸಾಬರ ಸಹಿ ಇದ್ದ ಆ ರಾಜಿ ಪತ್ರ. ಎರಡೂ ಕಡೆಯವರು ಒಪ್ಪಿ ಐದು ಅಡಿಗೆ ಮುಗಿಸಿಕೊಂಡದ್ದನ್ನು ಮತ್ತೆ ತೆಗೆಯುವ ಕಾರಣವಿಲ್ಲ ಎಂಬುದು ಅವರ ವಾದ. ಆ ಸಹಿ ನಿಂತರೆ ಕಳಕವ್ವನ ಅರ್ಜಿ ಬೀಳುತ್ತದೆ. ಅರ್ಜಿ ಬಿದ್ದರೆ ಹೊಲ ಇನ್ನೊಂದು ವರ್ಷದೊಳಗೆ ಸಿದ್ದಾರೂಢನ ಲಾವಣಿಗೆ ಹೋಗುತ್ತದೆ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು.

ಗೌಸುಸಾಬರು ರೋಣಕ್ಕೆ ಹೋಗಿ ಶ್ವೇತಾ ಅವರಿಂದ ಹೇಳಿಕೆ ಬರೆಸಿದರು. ಅವರು ಬರೆದ ಮೊದಲ ಕರಡಿನಲ್ಲಿ, ಅರ್ಜಿದಾರರ ಒಪ್ಪಿಗೆ ಪಡೆಯುವಲ್ಲಿ ತಪ್ಪು ತಿಳುವಳಿಕೆಯಾಗಿದೆ ಎಂದಿತ್ತು. ಗೌಸುಸಾಬರು ಅದನ್ನು ಹೊಡೆದು ಹಾಕಿಸಿದರು. ಅರ್ಜಿದಾರರನ್ನು ನಾನು ಕೇಳಲಿಲ್ಲ, ಅವರ ಮೈದುನ ಅವರ ಪರವಾಗಿ ಮಾತಾಡುತ್ತಿಲ್ಲ ಎಂಬುದು ನನಗೆ ಆ ಹೊತ್ತಿಗೇ ಗೊತ್ತಿತ್ತು, ಆದರೂ ಸಹಿ ಮಾಡಿದೆ ಎಂದು ಬರೆಸಿದರು. ಹೀಗೆ ಬರೆದರೆ ಮುಂದೆ ಯಾರೂ ನಿಮ್ಮನ್ನು ರಾಜಿಗೆ ಕರೆಯುವುದಿಲ್ಲ ಎಂದು ಶ್ವೇತಾ ಎಚ್ಚರಿಸಲು ಹೋದರು. ಗೌಸುಸಾಬರು ಆಗಲೇ ಪೆನ್ನು ಕೇಳುತ್ತಿದ್ದರು.

ವಿಚಾರಣೆ ಜನವರಿ ಇಪ್ಪತ್ತೊಂದರಂದು ಬೆಳಿಗ್ಗೆ ಹನ್ನೊಂದಕ್ಕೆ, ನರಗುಂದದಲ್ಲಿ. ಕಳಕವ್ವ ತಮ್ಮ ಮಾತನ್ನು ತಾವೇ ಹೇಳುವುದಾಗಿ ಬರೆದುಕೊಟ್ಟಿದ್ದಾರೆ, ಅವರ ಕಡೆಯ ಸಾಕ್ಷಿ ಗೌಸುಸಾಬರು ಒಬ್ಬರೇ. ಕಡಲೆ ಅದಾದ ಎರಡು ವಾರಕ್ಕೆ ಕಟಾವಿಗೆ ಬರುತ್ತದೆ.